ನೆಲದ ಚಳಿ, ಸೊಂಟದ ಮೂಳೆ: ಟೆಂಟಿಗೆ ಹಾಸಿಗೆ ಆರಿಸುವಾಗ

ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ನಮ್ಮ ಮನೆಮಂದಿಯೆಲ್ಲ ಚಳ್ಳಕೆರೆ ಕಡೆಯ ಅಣ್ಣನ ಹೊಲಕ್ಕೆ ಹೋಗುತ್ತೇವೆ, ಜೆಮಿನಿಡ್ ಉಲ್ಕೆಗಳನ್ನು ನೋಡೋಕೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಊರಿನ ದೀಪ ಕಾಣದ ಬಯಲು ನನಗೆ ದೇವಸ್ಥಾನ ಇದ್ದ ಹಾಗೆ. ಉಲ್ಕೆ ನೋಡೋದು ಅಂದರೆ ಅಂಗಾತ ಮಲಗಿ ಗಂಟೆಗಟ್ಟಲೆ ಆಕಾಶ ನೋಡೋದು. ಆದ್ದರಿಂದ ದುರ್ಬೀನಿಗಿಂತ ಮೊದಲು ಬೇಕಾಗುವುದು ಬೆನ್ನ ಕೆಳಗಿನ ಹಾಸಿಗೆ.

ಮೊದಲ ವರ್ಷ ಹೊತ್ತುಕೊಂಡು ಹೋಗಿದ್ದು ಇಬ್ಬರು ಮಲಗುವ ಪಿವಿಸಿ ಏರ್ ಬೆಡ್. ಒಂದು ಗೇಣು ಎತ್ತರ, ಮೇಲೆ ವೆಲ್ವೆಟ್ಟಿನಂಥ ನುಣುಪು. ರಾತ್ರಿ ಹತ್ತಕ್ಕೆ ಮಲಗಿದಾಗ ಮನೆಯ ಮಂಚಕ್ಕಿಂತ ಸುಖವಾಗಿತ್ತು. ಎರಡು ಗಂಟೆಯ ಹೊತ್ತಿಗೆ ಬೆನ್ನಿಗೆ ನೀರಿನ ತೊಟ್ಟಿಯ ಗೋಡೆ ತಾಗಿಸಿದ ಹಾಗೆ ಚಳಿ. ಎರಡು ರಗ್ಗು ಹೊದ್ದೆ, ಸ್ವೆಟರ್ ಹಾಕಿಕೊಂಡೆ, ಕಾಲುಚೀಲ ಹಾಕಿಕೊಂಡೆ. ಮೇಲೆ ಬೆಚ್ಚಗಾಯಿತು, ಕೆಳಗೆ ಮಾತ್ರ ಹಾಗೇ ಕೊರೆಯುತ್ತಿತ್ತು. ಪಕ್ಕದ ಹೊಲದಲ್ಲಿ ಕುರಿ ಮಂದೆ ಕೂರಿಸಿದ್ದರು. ಮಂದೆ ಕಾಯುತ್ತಿದ್ದ ಅಜ್ಜ ಬರೀ ನೆಲದ ಮೇಲೆ ಕರಿ ಕಂಬಳಿ ಮಡಚಿ ಹಾಸಿ ಕೂತಿದ್ದ. ನಾನು ಎದ್ದು ಓಡಾಡೋದು ನೋಡಿ, "ಮ್ಯಾಲೆ ಎಷ್ಟು ಹೊದ್ಕಂಡ್ರೇನವ್ವ, ಅಡಿಗೆ ಹಾಕ್ಕಬೇಕು" ಅಂದ. ಅಣ್ಣನ ಕಂಬಳಿ ತಂದು ಮಡಚಿ ಏರ್ ಬೆಡ್ಡಿನ ಮೇಲೆ ಹಾಸಿ ಮಲಗಿದೆ. ಎಚ್ಚರ ಆಗಿದ್ದು ಬೆಳಗಿನ ಜಾವ ಐದಕ್ಕೆ, ಅದೂ ಕುರಿಗಳ ಸದ್ದಿಗೆ.

ಅಜ್ಜ ಹೇಳಿದ್ದರಲ್ಲೇ ಅರ್ಧ ವಿಷಯ ಇದೆ. ಟೆಂಟಿಗೆ ಹಾಸಿಗೆ ಕೊಳ್ಳುವವರು ಅಂಗಡಿಯಲ್ಲಿ ಅದರ ಎತ್ತರ ನೋಡುತ್ತಾರೆ, ಕೈಯಿಂದ ಒತ್ತಿ ಮೆತ್ತಗಿದೆಯಾ ನೋಡುತ್ತಾರೆ. ನೋಡಬೇಕಾದ್ದು ಬೇರೆ ಎರಡು: ನೆಲ ನಿಮ್ಮ ಮೈಯ ಶಾಖವನ್ನು ಎಷ್ಟು ಎಳೆದುಕೊಳ್ಳುತ್ತೆ, ಮತ್ತು ನೀವು ಮಲಗುವ ಭಂಗಿಯಲ್ಲಿ ಯಾವ ಮೂಳೆ ನೆಲಕ್ಕೆ ಊರುತ್ತೆ.

ಮೊದಲು ಚಳಿಯ ವಿಷಯ. ಸ್ಲೀಪಿಂಗ್ ಬ್ಯಾಗ್ ಆಗಲಿ ರಗ್ಗಾಗಲಿ ಬೆಚ್ಚಗಿಡೋದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ನೀವು ಅದರ ಮೇಲೆ ಮಲಗಿದ ಕೂಡಲೇ ಕೆಳಭಾಗ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತೆ. ಹಾಗಾಗಿ ಎಷ್ಟೇ ದುಬಾರಿ ಬ್ಯಾಗ್ ಇದ್ದರೂ ಬೆನ್ನಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಬೆನ್ನನ್ನು ಕಾಯೋದು ಹಾಸಿಗೆಯೊಂದೇ.

ಹಾಗಾದರೆ ಅಷ್ಟೊಂದು ಗಾಳಿ ತುಂಬಿದ ಏರ್ ಬೆಡ್ ಯಾಕೆ ತಣ್ಣಗಾಯಿತು? ಮೇಲೆ ಬಿಸಿ, ಕೆಳಗೆ ತಂಪು ಇದ್ದರೆ ಗಾಳಿ ತಾನಾಗಿ ಸುಳಿಯಬಾರದು ಅಂತ ನಾನೇ ತರಗತಿಯಲ್ಲಿ ಹೇಳುತ್ತೇನೆ. ಅದು ಸುಮ್ಮನಿರುವ ಗಾಳಿಯ ಮಾತು. ಮಲಗಿದ ಮನುಷ್ಯ ಒಮ್ಮೆ ಮಗ್ಗುಲು ಬದಲಿಸಿದರೆ ಸಾಕು, ಒಳಗಿನ ಗಾಳಿ ಈ ತುದಿಯಿಂದ ಆ ತುದಿಗೆ ಹರಿಯುತ್ತೆ. ಎತ್ತರದ ಬೆಡ್ಡಿನ ಪಕ್ಕಗಳು ಹೊರಗಿನ ತಂಗಾಳಿಗೆ ಮೈಯೊಡ್ಡಿರುತ್ತವೆ, ಅಲ್ಲಿ ತಣ್ಣಗಾದ ಗಾಳಿ ಬೆನ್ನ ಕೆಳಗೆ ಬರುತ್ತೆ. ಜೊತೆಗೆ ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಶಾಖ ವಿಕಿರಣವಾಗಿ ಇಳಿಯುತ್ತಲೇ ಇರುತ್ತೆ. ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಕೂಡಿಹಾಕಿದರೆ ಮಾತ್ರ ಅದು ಶಾಖ ತಡೆಯುತ್ತೆ. ಕಂಬಳಿಯ ಉಣ್ಣೆ, ಫೋಮಿನ ರಂಧ್ರ ಮಾಡುವ ಕೆಲಸ ಅದೇ.

ಈ ತಡೆಯುವ ಶಕ್ತಿಗೆ ಒಂದು ಅಂಕಿ ಇದೆ, ಆರ್-ವ್ಯಾಲ್ಯೂ. ಒಳ್ಳೆಯ ಕಂಪನಿಗಳು ಪ್ಯಾಕೆಟ್ ಮೇಲೆ ಹಾಕಿರುತ್ತವೆ. ಹಿಂದೆ ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಿದ್ದರು. 2018ರಲ್ಲಿ ಎಎಸ್‌ಟಿಎಂ ಎನ್ನುವ ಮಾನದಂಡ ಸಂಸ್ಥೆಯಿಂದ ಎಫ್3340 ಎಂಬ ಒಂದೇ ಪರೀಕ್ಷಾ ಕ್ರಮ ಬಂತು, ಅದರ ಪ್ರಕಾರ ಅಳೆದ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು. ಒಳಗೆ ಏನೂ ಇಲ್ಲದ ಪೊಳ್ಳು ಏರ್ ಬೆಡ್ ಸುಮಾರು 1ರ ಆಸುಪಾಸು. 2 ಸೆಂ.ಮೀ. ದಪ್ಪದ ಒಳ್ಳೆಯ ಫೋಮ್ ಮ್ಯಾಟ್ ಸುಮಾರು 2. ಅಂದರೆ ಎರಡು ಬೆರಳು ದಪ್ಪ ಇಲ್ಲದ ಫೋಮು ಗೇಣು ಎತ್ತರದ ಗಾಳಿ ಹಾಸಿಗೆಗಿಂತ ಬೆಚ್ಚಗೆ.

ಆರ್ 1ಕ್ಕೂ 3ಕ್ಕೂ ಎಷ್ಟು ವ್ಯತ್ಯಾಸ ಅಂತ ನಾನೊಂದು ಒರಟು ಲೆಕ್ಕ ಹಾಕಿದ್ದೆ. ಮೈ ತಾಗುವ ಜಾಗ ಅರ್ಧ ಚದರ ಮೀಟರ್, ಚರ್ಮ 33 ಡಿಗ್ರಿ, ನೆಲ 12 ಡಿಗ್ರಿ ಅಂತ ಇಟ್ಟುಕೊಳ್ಳಿ. ಆರ್ 1 ಇದ್ದರೆ ನೆಲಕ್ಕೆ ಹೋಗುವ ಶಾಖ ಸುಮಾರು 60 ವ್ಯಾಟ್. ಆರ್ 3 ಇದ್ದರೆ 20 ವ್ಯಾಟ್. ನಿದ್ದೆಯಲ್ಲಿ ನಮ್ಮ ದೇಹ ಹುಟ್ಟಿಸುವ ಒಟ್ಟು ಶಾಖವೇ ಸುಮಾರು 70-80 ವ್ಯಾಟ್. ದುಡಿದದ್ದೆಲ್ಲ ನೆಲಕ್ಕೇ ಸುರಿದರೆ ಚಳಿ ಆಗದೆ ಇನ್ನೇನಾಗುತ್ತೆ!

ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ, ಮುಂಗಾರಿನ ರಾತ್ರಿಗಳಿಗೆ 1ರಿಂದ 2 ಸಾಕು. ಡಿಸೆಂಬರ್-ಜನವರಿಗೆ, ಅದರಲ್ಲೂ ಚಿಕ್ಕಮಗಳೂರು, ಕೊಡಗಿನ ಎತ್ತರದ ತೋಟಗಳಲ್ಲಿ ಮಲಗುವುದಾದರೆ 2.5ರಿಂದ 3 ನೋಡಿ. ಹಿಮಾಲಯದಲ್ಲಿ ನೀರು ಹೆಪ್ಪುಗಟ್ಟುವ ಚಳಿಗೆ 4, ಹಿಮದ ಮೇಲೆ ಟೆಂಟ್ ಹಾಕುವುದಾದರೆ 5ಕ್ಕಿಂತ ಮೇಲೆ. ಕೈಕಾಲು ಬೇಗ ತಣ್ಣಗಾಗುವ ಮೈಯವರು ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ನಾನು ಸೇರಿಸುತ್ತೇನೆ, ನಮ್ಮ ಯಜಮಾನರಿಗೆ ಬೇಕಾಗುವುದಿಲ್ಲ.

ಆರ್-ವ್ಯಾಲ್ಯೂಗಳನ್ನು ಕೂಡಬಹುದು. 2ರ ಫೋಮಿನ ಮೇಲೆ 1.5ರ ಗಾಳಿ ಹಾಸಿಗೆ ಹಾಕಿದರೆ 3.5. ಮನೆಯಲ್ಲಿ ಈಗಾಗಲೇ ಏರ್ ಬೆಡ್ ಇದ್ದವರು ಅದನ್ನು ಬಿಸಾಡಬೇಕಿಲ್ಲ. ಅದರ ಮೇಲೆ ಒಂದು ಫೋಮ್ ಮ್ಯಾಟೋ ಕಂಬಳಿಯೋ ದಪ್ಪ ಕೌದಿಯೋ ಹಾಸಿದರೆ ಅದೇ ಹಾಸಿಗೆ ಬೇರೆಯಾಗುತ್ತೆ. ಕೆಳಗೆ ಹಾಕಿದರೆ ಮುಳ್ಳಿನಿಂದ ಕಾಪಾಡುತ್ತೆ, ಮೇಲೆ ಹಾಕಿದರೆ ಮೈ ಶಾಖ ಪೊಳ್ಳು ಗಾಳಿಗೆ ಇಳಿಯುವ ಮೊದಲೇ ತಡೆಯುತ್ತೆ. ಚಳಿ ಜೋರಿದ್ದರೆ ನಾನು ಕಂಬಳಿಯನ್ನು ಮೇಲೆಯೇ ಹಾಕುತ್ತೇನೆ. ಯೋಗ ಮ್ಯಾಟನ್ನು ಮಾತ್ರ ನಂಬಬೇಡಿ. 4-6 ಮಿ.ಮೀ. ದಪ್ಪಕ್ಕೆ ನೆಲದ ಚಳಿ ನಿಲ್ಲುವುದಿಲ್ಲ, ತೂಕ ಬೇರೆ.

ಈ ಲೆಕ್ಕ ಗೊತ್ತಿದ್ದೂ ನಾನೊಮ್ಮೆ ಎಡವಿದೆ. ಜನವರಿಯಲ್ಲಿ ಒಂದು ಟ್ರೆಕ್ಕಿಂಗ್ ಸಂಸ್ಥೆಯ ಜೊತೆ ಉತ್ತರಾಖಂಡದ ಕೇದಾರಕಾಂಠಕ್ಕೆ ಹೋದಾಗ "ಟೆಂಟ್, ಮ್ಯಾಟ್, ಬ್ಯಾಗ್ ಎಲ್ಲ ನಮ್ಮದೇ" ಅಂದಿದ್ದರು, ನಾನು ಮುಂದೆ ಕೇಳಲಿಲ್ಲ. ಅಲ್ಲಿ ಕೊಟ್ಟಿದ್ದು ಬಳಸಿ ಬಳಸಿ ಚಪ್ಪಟೆಯಾದ, ಒಂದು ಸೆಂ.ಮೀ. ಕೂಡ ಇಲ್ಲದ ಫೋಮ್. ಕೆಳಗೆ ಹಿಮ. ರಕ್‌ಸ್ಯಾಕ್ ಖಾಲಿ ಮಾಡಿ ಕಾಲ ಕೆಳಗೆ, ಮಳೆ ಜಾಕೆಟ್ ಸೊಂಟದ ಕೆಳಗೆ, ಹಗ್ಗದ ಸುರುಳಿ ಭುಜದ ಕೆಳಗೆ ಇಟ್ಟುಕೊಂಡು ರಾತ್ರಿ ಕಳೆದೆ. ಇಂಥ ಕಡೆ ಹಣ ಕಟ್ಟುವ ಮೊದಲೇ ಕೇಳಿ: ಮ್ಯಾಟ್ ಎಷ್ಟು ದಪ್ಪ, ಒಬ್ಬರಿಗೆ ಎರಡು ಕೊಡುತ್ತೀರಾ? ಸ್ಪಷ್ಟ ಉತ್ತರ ಬರದಿದ್ದರೆ ನಿಮ್ಮದೇ ಫೋಮ್ ಚೀಲದ ಹೊರಗೆ ಕಟ್ಟಿಕೊಂಡು ಹೋಗಿ, 400 ಗ್ರಾಂ ಅಷ್ಟೇ.

ಈಗ ಮೂಳೆಯ ವಿಷಯ, ನನಗೆ ಇದೇ ಹೆಚ್ಚು ಮುಖ್ಯ. ನನ್ನ ಸೊಂಟದ ಡಿಸ್ಕ್ ಒಂದು ಹತ್ತು ವರ್ಷದಿಂದ ತೊಂದರೆ ಕೊಡುತ್ತಿದೆ. ನಾನು ಮಲಗುವುದು ಎಡ ಮಗ್ಗುಲಲ್ಲಿ. ಮಗ್ಗುಲಲ್ಲಿ ಮಲಗಿದಾಗ ಮೈಯ ಭಾರವೆಲ್ಲ ಸೊಂಟದ ಪಕ್ಕದ ಮೂಳೆ ಮತ್ತು ಭುಜ ಎರಡೇ ಕಡೆ ಬೀಳುತ್ತೆ. ಆ ಎರಡು ಜಾಗ ಒಳಗಿಳಿಯಲು ಎಡೆ ಬೇಕು, ಆದರೆ ನೆಲ ಮುಟ್ಟಬಾರದು. ತೆಳು ಫೋಮಿನಲ್ಲಿ ಇದು ಸಾಧ್ಯವೇ ಇಲ್ಲ. ಮಗ್ಗುಲಲ್ಲಿ ಮಲಗುವವರಿಗೆ ಒಳಗೆ ಫೋಮಿರುವ ಹಾಸಿಗೆಯಾದರೆ ಕನಿಷ್ಠ 5 ಸೆಂ.ಮೀ., ಬರೀ ಗಾಳಿಯದಾದರೆ 7-8 ಸೆಂ.ಮೀ. ಬೇಕು. ಅಂಗಾತ ಮಲಗುವವರಿಗೆ 3-4 ಸೆಂ.ಮೀ. ಸಾಕು. ಬೋರಲು ಮಲಗುವವರು ದಪ್ಪದ್ದನ್ನು ಕೊಳ್ಳಲೇಬೇಡಿ, ಹೊಟ್ಟೆ ಕೆಳಗೆ ಜಗ್ಗಿ ಬೆಳಗ್ಗೆ ಸೊಂಟ ಹಿಡಿದುಕೊಳ್ಳುತ್ತೆ.

ಅಂಗಡಿಯಲ್ಲಿ ಪರೀಕ್ಷೆ ಹೀಗೆ. ನಾಚಿಕೆ ಬಿಟ್ಟು ನೆಲದ ಮೇಲೆ ಹಾಸಲು ಹೇಳಿ. ಹಾಸಿಗೆಯನ್ನು ಬಿಗಿಯಾಗಿ ಊದಿಸಿ, ನೀವು ಮನೆಯಲ್ಲಿ ಮಲಗುವ ಮಗ್ಗುಲಲ್ಲೇ ಮಲಗಿ. ಆಮೇಲೆ ವಾಲ್ವನ್ನು ಚೂರು ಚೂರೇ ಬಿಡಿ. ಸಣ್ಣಗೆ ಉಸ್ ಅನ್ನುತ್ತಿದ್ದಂತೆ ಮೊದಲು ಭುಜ ಇಳಿಯುತ್ತೆ, ಆಮೇಲೆ ಸೊಂಟ. ಸೊಂಟ ಇಳಿದು ಬೆನ್ನೆಲುಬು ಅಡ್ಡಕ್ಕೆ ನೇರವಾದ ಕ್ಷಣ ಕತ್ತಿನ ಬಿಗಿ ತಾನಾಗಿ ಸಡಿಲವಾಗುತ್ತೆ, ಅಲ್ಲಿ ವಾಲ್ವ್ ಮುಚ್ಚಿ. ಜೊತೆಯವರಿಗೆ ಹಾಸಿಗೆಯ ಅಡಿಯಿಂದ ಅಂಗೈ ತೂರಿಸಿ ನಿಮ್ಮ ಸೊಂಟದ ಕೆಳಗೆ ತಲುಪಲು ಹೇಳಿ. ಅವರ ಕೈಗೆ ಮೂಳೆ ಗಟ್ಟಿಯಾಗಿ ಒತ್ತಿದರೆ ಆ ಹಾಸಿಗೆ ನಿಮ್ಮದಲ್ಲ. ಎರಡು ಬೆರಳಷ್ಟು ಮೆತ್ತಗೆ ಉಳಿದಿದ್ದರೆ ಸರಿ. ಹೀಗೆ ಹದಿನೈದು ನಿಮಿಷ ಮಲಗಿ. ಎರಡು ನಿಮಿಷಕ್ಕೆ ಎಲ್ಲ ಹಾಸಿಗೆಯೂ ಸುಖವೇ. ತಂದ ಮೇಲೂ ಒಂದು ಪೂರ್ತಿ ರಾತ್ರಿ ಮನೆಯ ಟೈಲ್ಸ್ ನೆಲದ ಮೇಲೆ ಮಲಗಿ ನೋಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು.

ಮಂದಿ ಮಾಡುವ ದೊಡ್ಡ ತಪ್ಪು ಹಾಸಿಗೆಯನ್ನು ಕಲ್ಲಿನಂತೆ ಊದಿ ಹಾಗೇ ಮಲಗುವುದು. ಆಗ ಮೈ ಅದರ ಮೇಲೆ ತೇಲುತ್ತೆ, ಉರುಳುತ್ತೆ, ಭುಜ ಜೋಮು ಹಿಡಿಯುತ್ತೆ.

ಯಾವ ಜಾತಿಯ ಹಾಸಿಗೆ ಅನ್ನೋದು ನೀವು ಅದನ್ನು ಹೊರುತ್ತೀರಾ ಕಾರಿನಲ್ಲಿ ಹಾಕುತ್ತೀರಾ ಅನ್ನೋದರ ಮೇಲೆ ನಿಂತಿದೆ. ಮುಚ್ಚಿದ ರಂಧ್ರದ ಫೋಮ್ ಮ್ಯಾಟ್ ತೂತಾಗುವುದಿಲ್ಲ, ನೀರು ಕುಡಿಯುವುದಿಲ್ಲ, 1,000 ರೂಪಾಯಿ ಒಳಗೂ ಸಿಗುತ್ತೆ. ಮಲೆನಾಡಿನ ಒದ್ದೆ ನೆಲಕ್ಕೆ ಇದರಷ್ಟು ನೆಚ್ಚಿನದು ಇನ್ನೊಂದಿಲ್ಲ, ಊಟಕ್ಕೆ ಕೂರಲೂ ಆಗುತ್ತೆ. ಹದಿಹರೆಯದ ಮಕ್ಕಳಿಗೆ ಇದೇ ಸಾಕು, ಅವರ ಮೂಳೆಗೆ ಇನ್ನೂ ನಮ್ಮ ಕಷ್ಟ ಬಂದಿಲ್ಲ. ನಲವತ್ತು ದಾಟಿದವರಿಗೆ ಇದೊಂದೇ ಸಾಲದು.

ತಾನಾಗಿ ಉಬ್ಬುವ ಹಾಸಿಗೆ, ಅಂದರೆ ಸೆಲ್ಫ್ ಇನ್ಫ್ಲೇಟಿಂಗ್ ಪ್ಯಾಡ್, ನನ್ನ ಮನಸ್ಸಿಗೆ ಹತ್ತಿರವಾದದ್ದು. ಇದರ ಹುಟ್ಟೂ ಚೆನ್ನಾಗಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿಯ ಕೆಲಸ ಹೋಗಿದ್ದ ಜಿಮ್ ಲೀ, ನೀಲ್ ಆಂಡರ್ಸನ್ ಎಂಬ ಇಬ್ಬರು ಎಂಜಿನಿಯರ್‌ಗಳು ಜಾನ್ ಬರೋಸ್ ಎಂಬ ಪರ್ವತಾರೋಹಿಯ ಜೊತೆ ಸೇರಿ ಇದನ್ನು ಮಾಡಿದರು. ತೋಟದ ಕೆಲಸದಲ್ಲಿ ಮಂಡಿಯ ಕೆಳಗೆ ಇಟ್ಟುಕೊಂಡ ಫೋಮಿನಿಂದ ಗಾಳಿ ಹೊರಹೋಗುವುದನ್ನು ಗಮನಿಸಿ, ಆ ಗಾಳಿಯನ್ನು ಒಳಗೇ ಹಿಡಿದಿಟ್ಟರೆ ಹೇಗೆ ಅಂತ ಲೀಗೆ ಹೊಳೆಯಿತಂತೆ. ಅದೇ ಥರ್ಮ್-ಎ-ರೆಸ್ಟ್ ಆಯಿತು. ವಾಲ್ವ್ ತೆರೆದರೆ ಒಳಗಿನ ಫೋಮ್ ಸ್ಪಂಜಿನಂತೆ ಹಿಗ್ಗಿ ಗಾಳಿ ಎಳೆದುಕೊಳ್ಳುತ್ತೆ. ಹತ್ತು ಹದಿನೈದು ನಿಮಿಷ ಬಿಟ್ಟು ನಾಲ್ಕು ಸಲ ಊದಿದರೆ ಮುಗಿಯಿತು. ಹೊಸದು ತಂದಾಗ ಒಂದು ರಾತ್ರಿಯಿಡೀ ತೆರೆದಿಡಿ, ಪ್ಯಾಕಿಂಗಿನಲ್ಲಿ ಅಮುಕಿದ ಫೋಮ್ ಹಿಗ್ಗಲು ಸಮಯ ಬೇಕು. ಮಗ್ಗುಲು ಬದಲಿಸಿದರೆ ಅಲುಗಾಡುವುದಿಲ್ಲ, ಚಳಿಯೂ ತಡೆಯುತ್ತೆ. ತೂಕವೇ ಇದರ ದೋಷ. 5 ಸೆಂ.ಮೀ. ದಪ್ಪದ್ದು ಒಂದು ಕಿಲೋ ದಾಟುವುದು ಸಾಮಾನ್ಯ. ಕಾರಿನಲ್ಲಿ ಹೋಗುವವರು ಬೇರೆ ಯೋಚನೆ ಮಾಡದೆ ಇದನ್ನೇ ಕೊಳ್ಳಿ.

ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಟ್ರೆಕ್ಕಿಂಗಿನ ಗಾಳಿ ಪ್ಯಾಡ್. ಇದು ಮನೆಯ ಏರ್ ಬೆಡ್ ಅಲ್ಲ. ನೈಲಾನ್ ಬಟ್ಟೆಗೆ ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಲೇಪ, ಒಳಗೆ ಎಳೆಗಳೋ ಶಾಖ ಪ್ರತಿಫಲಿಸುವ ಹಾಳೆಯೋ ಇರುತ್ತೆ. 7-8 ಸೆಂ.ಮೀ. ದಪ್ಪ ಇದ್ದೂ ಅರ್ಧ ಕಿಲೋ ಒಳಗೆ, ಸುತ್ತಿದರೆ ನೀರಿನ ಬಾಟಲಿಯಷ್ಟು. ಆರ್ 4 ದಾಟಿದ ವಿದೇಶಿ ಪ್ಯಾಡ್‌ಗಳು 10,000 ರೂಪಾಯಿ ಮೀರುತ್ತವೆ. ಒಳಗೆ ಹಾಳೆ ಇರುವ ಕೆಲವು ಚಿಪ್ಸ್ ಪ್ಯಾಕೆಟ್ ಹಾಗೆ ಸರಸರ ಅನ್ನುತ್ತವೆ. ಸದ್ದಿಗೆ ಎಚ್ಚರಾಗುವವರು ಕೊಳ್ಳುವ ಮೊದಲು ಕಿವಿ ಇಟ್ಟು ಕೇಳಿ. ಬಟ್ಟೆಯ ನೂಲಿನ ದಪ್ಪ ಡೆನಿಯರ್‌ನಲ್ಲಿ ಬರೆದಿರುತ್ತೆ, 20 ಅಂದರೆ ತೀರ ತೆಳು. ನಮ್ಮ ನೆಲಕ್ಕೆ 30ಕ್ಕಿಂತ ಕಡಿಮೆ ಇರುವುದನ್ನು ನಾನು ಒಲ್ಲೆ. ಬಾಯಿಂದ ಊದದೆ ಪಂಪ್ ಚೀಲ ಬಳಸಿ, ಉಸಿರಿನ ತೇವ ಒಳಗೆ ಉಳಿದು ಬೂಸ್ಟು ಹಿಡಿಯುತ್ತೆ.

ಅಗಲ ಸಾಮಾನ್ಯವಾಗಿ 51 ಸೆಂ.ಮೀ. ಇರುತ್ತೆ. ಅಂಗಾತ ಮಲಗಿದರೆ ಮೊಣಕೈ ಹೊರಗೆ ಬೀಳುತ್ತೆ. 64 ಸೆಂ.ಮೀ.ಯದು ಸಿಕ್ಕರೆ ನೂರು ಗ್ರಾಂ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಉದ್ದ 183 ಸೆಂ.ಮೀ. ನಮ್ಮಲ್ಲಿ ಬಹಳ ಮಂದಿಗೆ ಧಾರಾಳ. ಗಂಡ ಹೆಂಡತಿಗೆ ಒಂದೇ ಡಬಲ್ ಏರ್ ಬೆಡ್ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಭಾರ ಹೆಚ್ಚಿರುವವರ ಕಡೆಗೆ ಇನ್ನೊಬ್ಬರು ಜಾರುತ್ತಾರೆ, ಒಬ್ಬರು ಎದ್ದರೆ ಇನ್ನೊಬ್ಬರು ಧೊಪ್ಪೆಂದು ಕೆಳಗಿಳಿಯುತ್ತಾರೆ. ಎರಡು ಸಿಂಗಲ್ ತಂದು ಪಟ್ಟಿಯಿಂದ ಜೋಡಿಸಿ.

ಜಾಗ ಸಿದ್ಧಮಾಡುವುದಕ್ಕೆ ಹಾಸಿಗೆಯಷ್ಟೇ ಬೆಲೆ. ಟೆಂಟ್ ಹಾಕುವ ಮೊದಲು ನಾನು ಮಂಡಿಯೂರಿ, ಬೆಳಕು ಇರುವಾಗಲೇ, ಅಂಗೈಯಿಂದ ಇಡೀ ನೆಲ ಸವರುತ್ತೇನೆ. ಕಣ್ಣಿಗೆ ಕಾಣದ ಬೆಣಚುಕಲ್ಲಿನ ಮೂಲೆ ಅಂಗೈಗೆ ಸಿಗುತ್ತೆ. ತಗ್ಗಿನಲ್ಲಿ ಹಾಕಬೇಡಿ, ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಅಲ್ಲೇ ಬಂದು ನಿಲ್ಲುತ್ತೆ. ಸ್ವಲ್ಪ ಇಳಿಜಾರಿದ್ದರೆ ತಲೆ ಮೇಲಕ್ಕೆ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾಸಿಗೆ ಬಿಚ್ಚಬೇಡಿ.

ರಾತ್ರಿ ಹಾಸಿಗೆ ಮೆತ್ತಗಾಯಿತು ಅಂತ ಗಾಬರಿಯಾಗಬೇಡಿ. ಸಂಜೆ 28 ಡಿಗ್ರಿಯಲ್ಲಿ ತುಂಬಿದ ಗಾಳಿ 14 ಡಿಗ್ರಿಗೆ ಇಳಿದರೆ ಶೇಕಡಾ 5ರಷ್ಟು ಕುಗ್ಗುತ್ತೆ. ಮಲಗುವ ಮುಂಚೆ ಇನ್ನೆರಡು ಸಲ ಊದಿದರೆ ಸರಿಹೋಗುತ್ತೆ. ಆಮೇಲೂ ಇಳಿದರೆ ಮಾತ್ರ ತೂತು.

ನಮ್ಮ ಬಯಲುಸೀಮೆಯ ಶತ್ರು ನೆಗ್ಗಿಲು ಮುಳ್ಳು. ಕಡಲೆಕಾಳಿನಷ್ಟು ಕಾಯಿ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ. ಮೂರನೇ ವರ್ಷ ಅದು ನನ್ನ ಚಪ್ಪಲಿಗೆ ಅಂಟಿಕೊಂಡು ಟೆಂಟಿನೊಳಗೇ ಬಂತು. ನಡುರಾತ್ರಿ ಸೊಂಟ ನೆಲಕ್ಕೆ ತಾಗಿದಾಗ ಎದ್ದು ಬ್ಯಾಟರಿ ಹಾಕಿದರೆ ತೂತು ಎಲ್ಲೂ ಕಾಣಲಿಲ್ಲ. ಹಾಸಿಗೆಯನ್ನು ಪೂರ್ತಿ ಊದಿ, ಕೆಳತುಟಿ ಒದ್ದೆ ಮಾಡಿಕೊಂಡು, ಬಟ್ಟೆಯ ಮೇಲೆ ಒಂದಂಗುಲ ಎತ್ತರದಲ್ಲಿ ನಿಧಾನವಾಗಿ ಮುಖ ಸರಿಸುತ್ತಾ ಹೋದೆ. ಬಲತುದಿಯ ಹೊಲಿಗೆ ಹತ್ತಿರ ತುಟಿಗೆ ಸೂಜಿಮೊನೆಯಷ್ಟು ತಣ್ಣಗೆ ತಾಗಿತು. ಅಲ್ಲಿಗೆ ಎಂಜಲು ಸವರಿದರೆ ಗುಳ್ಳೆ ಎದ್ದಿತು. ಕತ್ತಲಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಹಗಲಾದರೆ ಬಕೆಟ್ಟಿನಲ್ಲಿ ಸೋಪಿನ ನೀರು ಮಾಡಿ ಸವರಿ.

ತೂತು ಸಿಕ್ಕ ಕೂಡಲೇ ಪೆನ್ನಿನಿಂದ ಸುತ್ತು ಹಾಕಿ, ಗಾಳಿ ತೆಗೆದರೆ ಮತ್ತೆ ಕಾಣುವುದಿಲ್ಲ. ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ರಿಪೇರಿ ಕಿಟ್ಟಿನ ಪ್ಯಾಚಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ ಅಂಟಿಸಿ, ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತೆ. ಮೇಲೆ ಭಾರ ಇಟ್ಟು ಒಂದು ರಾತ್ರಿ ಮುಟ್ಟಬೇಡಿ. ಸೈಕಲ್ ಅಂಗಡಿಯ ಸೊಲ್ಯೂಷನ್ ಟಿಪಿಯುಗೆ ಹಿಡಿಯುವುದಿಲ್ಲ. ನಾನು ಹಚ್ಚಿ ನೋಡಿದೆ, ಬೆಳಗಾಗುವಷ್ಟರಲ್ಲಿ ಸಿಪ್ಪೆಯಂತೆ ಎದ್ದು ಬಂತು. ಅಂದಿನಿಂದ ಚಪ್ಪಲಿ ಟೆಂಟಿನ ಹೊರಗೆ, ಗಾಳಿ ಹಾಸಿಗೆಯ ಕೆಳಗೆ ಫೋಮ್ ಕಡ್ಡಾಯ.

ಮನೆಗೆ ಬಂದ ಮೇಲೆ ತೇವ ಒರೆಸಿ ನೆರಳಲ್ಲಿ ಒಣಗಿಸಿ. ತಾನಾಗಿ ಉಬ್ಬುವ ಹಾಸಿಗೆಯನ್ನು ಸುತ್ತಿ ಇಡಬೇಡಿ, ಫೋಮ್ ಸತ್ತುಹೋಗುತ್ತೆ. ನಮ್ಮದು ಮಂಚದ ಕೆಳಗೆ ಬಿಚ್ಚಿಕೊಂಡು, ವಾಲ್ವ್ ತೆರೆದು ಮಲಗಿರುತ್ತೆ. ಅದರ ಮೇಲೆ ಅಣ್ಣನ ಕಂಬಳಿ, ಮಡಿಕೆಗಳ ನಡುವೆ ನುಸಿ ಬೀಳದಿರಲಿ ಅಂತ ಒಣಗಿದ ಬೇವಿನೆಲೆ.